ಮಸ್ಕತ್ತಿನಿಂದ ಮಡಿವಾಳಕ್ಕೆ: ದಕ್ಷಿಣ ಬೆಂಗಳೂರಿನ ರೇಷ್ಮೆಯ ಹಾದಿ

ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲಿ ರೇಷ್ಮೆಯ ಹೆಸರು ಹೊತ್ತ ಮೂರು ತಾಣಗಳಿವೆ. ಬಸವನಗುಡಿ ಮುಗಿದು ಜಯನಗರ ಆರಂಭವಾಗುವ ಎಡೆಯಲ್ಲಿ, ಯಡಿಯೂರಿಗೆ ಸಮೀಪದಲ್ಲಿ, ಟಾಟಾ ಸಿಲ್ಕ್ ಫಾರಂ ಎಂಬ ಪ್ರದೇಶವಿದೆ, ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿಗಳನ್ನು ದಾಟಿ ಕನಕಪುರ ರಸ್ತೆಯಲ್ಲಿ ಸಾಗಿದರೆ ತಲಘಟ್ಟಪುರದ ರೇಷ್ಮೆ ಸಂಸ್ಥೆ ಸಿಗುತ್ತದೆ, ಬಿ.ಟಿ.ಎಂ. ಬಡಾವಣೆಗೂ ಮಡಿವಾಳಕ್ಕೂ ಹೊಂದಿಕೊಂಡಂತೆ ಹೊಸೂರು ರಸ್ತೆಯ ಅಂಚಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದೆ. ನಗರದ ಬಹುಪಾಲು ಜನರಿಗೆ ಈ ಮೂರರಲ್ಲಿ ಮೊದಲನೆಯದು ಒಂದು ಬಸ್ ನಿಲ್ದಾಣ, ಎರಡನೆಯದು ಮೆಟ್ರೋ ನಿಲ್ದಾಣ, ಮೂರನೆಯದು ಸಂಜೆಯ ವಾಹನ ದಟ್ಟಣೆಗೆ ಹೆಸರಾದ ವೃತ್ತ. ಆದರೆ ಈ ಹೆಸರುಗಳ ಹಿಂದೆ ಎರಡು ಶತಮಾನಗಳಿಗೂ ಹಿಂದಿನಿಂದ ನಡೆದುಬಂದ ಒಂದು ಕಸುಬಿನ ಚರಿತ್ರೆಯಿದೆ, ಮತ್ತು ಆ ಚರಿತ್ರೆಯ ಒಂದು ತುದಿ ಅರಬ್ಬರ ಮಸ್ಕತ್ ಬಂದರಿನಲ್ಲಿ, ಇನ್ನೊಂದು ತುದಿ ಜಪಾನಿನಲ್ಲಿ ಕಟ್ಟಿಕೊಂಡಿದೆ.

ಅರಬ್ ನಾಡು ಮತ್ತು ಜಪಾನುಗಳನ್ನು ಒಂದೇ ಉಸಿರಿನಲ್ಲಿ ಹೇಳಿದಾಗ ಇಂದಿನ ಓದುಗರ ಮನಸ್ಸಿಗೆ ಬರುವುದು ಕಚ್ಚಾ ತೈಲ. ಜಪಾನಿನ ಅರೇಬಿಯನ್ ಆಯಿಲ್ ಕಂಪನಿ 1960ರಲ್ಲಿ ಅರಬ್ ಕರಾವಳಿಯ ಖಾಫ್ಜಿಯ ಬಳಿ ಕಡಲಿನಲ್ಲಿ ತೈಲ ಕಂಡುಕೊಂಡಿತು. ಅರ್ಧ ಶತಮಾನದ ಬಳಿಕ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸಮೀಪ ಜಪಾನಿನ ಸಹಯೋಗದಲ್ಲಿ ಒಂದು ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವೇ ಎದ್ದು ನಿಂತಿತು. ಸರಕಿನ ವ್ಯವಹಾರವಾಗಿ ಹುಟ್ಟಿದ ನಂಟು ಕಲಿಸುವ ಕಲಿಯುವ ನಂಟಾಗಿ ಬೆಳೆಯುವುದಕ್ಕೆ ಅದು ಈ ಕಾಲದ ಉದಾಹರಣೆ. ಮೈಸೂರು ಸೀಮೆಯ ರೇಷ್ಮೆಯಲ್ಲಿ ಅದೇ ಬಗೆಯ ಬೆಳವಣಿಗೆಯನ್ನು ಇನ್ನೂ ಹಿಂದಕ್ಕೆ ಹೋಗಿ ನೋಡಬಹುದು. ಇಲ್ಲಿ ಬಿತ್ತನೆ ಮೊಟ್ಟೆ ಮಾತ್ರ ಬಂದಾಗ ಕಸುಬು ಬೇರೂರಲಿಲ್ಲ. ಮೊಟ್ಟೆಯ ಜೊತೆಗೆ ಅದನ್ನು ಬಲ್ಲವರೂ ಬಂದು, ನೆಲೆಸಿ, ಇಲ್ಲಿಯವರ ಕೈಗೆ ವಿದ್ಯೆ ದಾಟಿಸಿದಾಗ ಬೇರೂರಿತು.

ಇದನ್ನು ಮೊದಲು ಅರಿತವನು ಟಿಪ್ಪು ಸುಲ್ತಾನ. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರ ಕೋಠಿಯೊಂದಿತ್ತು. ಕೋಠಿಯೆಂದರೆ ಪರದೇಶದ ಬಂದರಿನಲ್ಲಿ ಸರಕು ಇಳಿಸಿ, ಕೂಡಿಟ್ಟು, ಮಾರುವ ಮಳಿಗೆ. ಮಂಗಳೂರಿನ ಕಡೆಯ ಅಕ್ಕಿ, ಮೈಸೂರಿನ ಗಂಧದ ಕೊರಡು, ಮಲೆನಾಡಿನ ಮೆಣಸು ಅಲ್ಲಿಗೆ ಹೋಗುತ್ತಿದ್ದವು. 1780ರ ದಶಕದ ಮಧ್ಯದಲ್ಲಿ ಟಿಪ್ಪು ಈ ಕೋಠಿಯ ದರೋಗ, ಅಂದರೆ ಮೇಲ್ವಿಚಾರಕನಾಗಿದ್ದ ಮೀರ್ ಕಾಜಿಂಗೆ ಬರೆಸಿದ ಕಾಗದಗಳಲ್ಲಿ, ಜಜೀರಾ ದಿರಾಜ್ ಎಂಬ ದ್ವೀಪದಿಂದ ರೇಷ್ಮೆಹುಳುಗಳನ್ನು ತರಿಸಿ ಕಳುಹಿಸಬೇಕೆಂದೂ, ಹುಳುವಿನ ಜೊತೆಗೆ ಅದನ್ನು ಸಾಕುವ ಬಗೆ ತಿಳಿದವರನ್ನೂ ಕಳುಹಿಸಬೇಕೆಂದೂ ಆಜ್ಞೆಯಿತ್ತು. ಪಾರಸಿಯಲ್ಲಿ ದಿರಾಜ್ ಎಂದರೆ ನೀಳವಾದುದು. ಹೊರ್ಮುಜ್ ಜಲಸಂಧಿಯಲ್ಲಿರುವ ಕೇಶ್ಮ್ ದ್ವೀಪಕ್ಕೆ ನೀಳದ್ವೀಪ ಎಂಬ ಅರ್ಥದ ಹೆಸರು ಪಾರಸಿಯಲ್ಲೂ ಅರಬ್ಬಿಯಲ್ಲೂ ಇರುವುದರಿಂದ ಕಾಗದದ ದ್ವೀಪ ಅದೇ ಇರಬೇಕೆಂದು ಊಹಿಸಲು ಅವಕಾಶವಿದೆ. ಇಂದು ಮಂಗಳೂರಿನ ಸಂಸ್ಕರಣಾಗಾರಕ್ಕೆ ಕೊಲ್ಲಿಯ ತೈಲ ಹೊತ್ತು ಬರುವ ಹಡಗುಗಳೂ, ಜಪಾನಿನ ಬಂದರುಗಳಿಗೆ ಹೋಗುವ ಹಡಗುಗಳೂ ಹಾದುಹೋಗುವುದು ಆ ಜಲಸಂಧಿಯನ್ನೇ.

ಟಿಪ್ಪು ಒಂದೇ ದಿಕ್ಕನ್ನು ನೆಚ್ಚಿ ಕೂರಲಿಲ್ಲ. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರನ್ನು ಬಂಗಾಳಕ್ಕೂ ಕಳುಹಿಸಿದ. ಅವರು ಹುಳುಗಳೊಡನೆ ಸಿದ್ಧವಟ್ಟದ ದಾರಿಯಾಗಿ ಮರಳುತ್ತಿದ್ದಾಗ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಟಿಪ್ಪು ಬರೆದ ಕಾಗದವು ಆಡಳಿತಗಾರನೊಬ್ಬನ ಸೂಕ್ಷ್ಮ ಕಾಳಜಿಯನ್ನು ತೋರಿಸುತ್ತದೆ: ಹುಳುಗಳನ್ನು ಎಂಥ ಜಾಗದಲ್ಲಿಡಬೇಕೆಂದು ಬಂದವರನ್ನೇ ಕೇಳಿ ತಿಳಿಯಬೇಕು, ಮೊದಲೇ ನೆಡಿಸಿದ್ದ ಹಿಪ್ಪುನೇರಳೆಯ ಸೊಪ್ಪನ್ನು ಒದಗಿಸಬೇಕು, ಎಷ್ಟು ಹುಳು ಬಂದವೆಂದು ಲೆಕ್ಕ ಒಪ್ಪಿಸಬೇಕು, ಹಳೆಯ ಅರಮನೆಯ ಹಿಂದಿನ ಖಾಲಿ ನಿವೇಶನದ ಬಳಿ ತಾತ್ಕಾಲಿಕವಾಗಿ ಅವಕ್ಕೆ ನೆಲೆ ಮಾಡಬೇಕು. ರಾಜ್ಯದಲ್ಲಿ 21 ಕಡೆ ರೇಷ್ಮೆ ಸಾಕಣೆಯ ಕೇಂದ್ರಗಳನ್ನು ತೆರೆಯುವ ಯೋಜನೆಯೂ ಈ ಕಾಲದ್ದೇ. ಈ ಕಾಗದಗಳು 1811ರಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದ ಅನುವಾದ ಸಂಕಲನದಿಂದ ಲೋಕಕ್ಕೆ ತಿಳಿದವು. ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ವಿರೋಧಿ ಪಾಳೆಯದವನಾಗಿದ್ದರೂ, ಅರಸನ ಉದ್ಯಮಶೀಲತೆಗೆ ಅವನ ಸಂಕಲನಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ.

ಆದರೆ ಯೋಜನೆ ಬೇರುಬಿಡುವ ಮುನ್ನವೇ ಯುದ್ಧಗಳು ಬಂದವು, 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬ್ಯೂಕನನ್ ಇಲ್ಲಿಯ ಪಟ್ಟೇಗಾರರೂ ಖತ್ರಿಗಳೂ ಗಟ್ಟಿಮುಟ್ಟಾದ ರೇಷ್ಮೆ ಬಟ್ಟೆ ನೇಯುವುದನ್ನು ಕಂಡನಾದರೂ ಅವರ ಕಚ್ಚಾ ರೇಷ್ಮೆ ವರ್ತಕರ ಮೂಲಕ ಹೊರಗಿನಿಂದ ಬರುತ್ತಿತ್ತು. ಮಗ್ಗ ಇಲ್ಲಿತ್ತು, ಗೂಡು ಇಲ್ಲಿರಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಕ್ಲೋಸ್‌ಪೇಟೆ ಎಂದು ಆಗ ಕರೆಯುತ್ತಿದ್ದ ರಾಮನಗರ, ಚನ್ನಪಟ್ಟಣ, ಕಾನಕಾನಹಳ್ಳಿ ಎಂದಿದ್ದ ಕನಕಪುರ, ಚಿಕ್ಕಬಳ್ಳಾಪುರ, ತಿರುಮಕೂಡಲು ನರಸೀಪುರಗಳ ಸುತ್ತ ಸಾಕಣೆ ಹಬ್ಬಿ, ಮೈಸೂರು ತಳಿ ಎಂದೇ ಹೆಸರಾದ ಹುಳು ನೆಲೆಗೊಂಡಿತು. ಇದು ಬಹುಸಂತತಿಯ ತಳಿ, ಅಂದರೆ ಚಳಿಗಾಲದ ನಿದ್ರೆಯಿಲ್ಲದೆ ವರ್ಷವಿಡೀ ಪೀಳಿಗೆಯ ಮೇಲೆ ಪೀಳಿಗೆ ಬರುವಂಥದು; ಇಟ್ಟ ಮೊಟ್ಟೆ ಹತ್ತು ಹನ್ನೊಂದು ದಿನಗಳಲ್ಲಿ ಒಡೆಯುತ್ತದೆ. ಗೂಡು ಚಿಕ್ಕದು, ಹಸಿರು ಬೆರೆತ ಹಳದಿ, ತುದಿ ಚೂಪು. ಒಂದು ಗೂಡಿನ ಎಳೆ ಮುನ್ನೂರರಿಂದ ನಾನೂರು ಮೀಟರು. ಜಪಾನಿನ ಹುಳು ಇದಕ್ಕೆ ತದ್ವಿರುದ್ಧ. ಅದು ವರ್ಷಕ್ಕೆ ಎರಡೇ ಸಂತತಿಯ ದ್ವಿತಳಿ, ಗೂಡು ಬಿಳುಪು, ಎಳೆ ಸಾವಿರ ಮೀಟರಿನ ಆಸುಪಾಸು, ಆದರೆ ಚಳಿಗಾಲ ಕಾಣದೆ ಅದರ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ಮುಂದಿನ ನೂರು ವರ್ಷಗಳ ಕಥೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತ ನಡೆದದ್ದು.

ಜಪಾನಿನ ಮೊಟ್ಟೆ ಬೆಂಗಳೂರಿಗೆ ಮೊದಲು ಬಂದದ್ದು ಇಟಲಿಯವನೊಬ್ಬನ ಕೈಯಿಂದ. 1860ರ ದಶಕದಲ್ಲಿ ಗಂಟುರೋಗವು ಫ್ರಾನ್ಸ್ ಮತ್ತು ಇಟಲಿಗಳ ರೇಷ್ಮೆಯನ್ನು ಹಾಳುಗೆಡವಿತ್ತು. ಗಂಟುರೋಗವೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯಿಂದ ಹುಳುವಿಗೆ ತಗಲಿ, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ರೋಗ. ಒಮ್ಮೆ ಬಿತ್ತನೆಯೊಳಗೆ ಹೊಕ್ಕರೆ ಊರಿನ ಬೆಳೆಯೇ ಹೋಗುತ್ತದೆ. ಅದೇ ದಶಕದಲ್ಲಿ ಮೈಸೂರಿನ ಹುಳುಗಳೂ ಸಾಯತೊಡಗಿದವು. ಆಗ ಬೆಂಗಳೂರಿನಲ್ಲಿದ್ದ ಸಿನ್ಯೋರ್ ದೆ ವೆಕ್ಕಿ, ಹೊಸದಾಗಿ ವ್ಯಾಪಾರಕ್ಕೆ ತೆರೆದುಕೊಂಡಿದ್ದ ಜಪಾನಿನಿಂದ ಮೊಟ್ಟೆಯ ಹಾಳೆಗಳನ್ನು ಸಾವಿರಗಟ್ಟಲೆ ತರಿಸಿದ. ಚಿಟ್ಟೆಯನ್ನು ಗಟ್ಟಿ ಕಾಗದದ ಮೇಲೆ ಬಿಟ್ಟು ಮೊಟ್ಟೆಯಿಡಿಸಿ, ಆ ಕಾಗದವನ್ನೇ ಕಟ್ಟಿ ಹಡಗಿಗೆ ಏರಿಸುವುದು ಜಪಾನೀಯರ ಕ್ರಮವಾಗಿತ್ತು. ಉಗಿಯಿಂದ ನಡೆಯುವ ನೂಲು ಬಿಚ್ಚಾಣಿಕೆಯ ಕಾರ್ಖಾನೆಯನ್ನೂ ಆತ ಕಟ್ಟಿಸಿದ. ರೋಮನ್ ಕ್ಯಾಥೊಲಿಕ್ ಅನಾಥಾಲಯದ ಹುಡುಗಿಯರು ಅಲ್ಲಿ ಕುದಿನೀರಿನಲ್ಲಿ ಮಿಂದ ಗೂಡುಗಳಿಂದ ಎಳೆ ತೆಗೆಯುತ್ತಿದ್ದರು. ಆದರೆ ಹುಳುಗಳ ಸಾವು ನಿಲ್ಲದೆ ಸಾಹಸ ಮುಗಿದುಹೋಯಿತು. ಸೋಲಿಗೆ ಹವೆಯನ್ನಷ್ಟೇ ದೂರುವುದು ಸರಿಯಲ್ಲ. ಮೊಟ್ಟೆ ಬಂದಿತ್ತು, ಅದರ ಸ್ವಭಾವವನ್ನು ಬಲ್ಲ ಜಪಾನೀ ಸಾಕಣೆದಾರ ಬಂದಿರಲಿಲ್ಲ.

ಆ ಕೊರತೆಯನ್ನು ತುಂಬಿದವರು ಜಮ್‌ಶೆಡ್‌ಜಿ ಟಾಟಾ. 1893ರಲ್ಲಿ ಜಪಾನಿಗೆ ಹೋಗಿದ್ದ ಅವರು ಅಲ್ಲಿಂದ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಸ್ವಾಮಿ ವಿವೇಕಾನಂದರೊಡನೆ ಪ್ರಯಾಣ ಮಾಡಿದ್ದು ಎಲ್ಲರಿಗೂ ತಿಳಿದ ಸಂಗತಿ, ಮತ್ತು ಅಂದಿನ ಮಾತುಕತೆಯ ನೆನಪಿನಲ್ಲಿ ಅವರು 1898ರ ನವೆಂಬರಿನಲ್ಲಿ ಸ್ವಾಮೀಜಿಗೆ ಬರೆದ ಪತ್ರವು ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆಯಲ್ಲಿ ಮರೆಯದೆ ಬರುತ್ತದೆ. ಅದೇ ಜಪಾನಿನ ಅನುಭವದ ಇನ್ನೊಂದು ಫಲ ದಕ್ಷಿಣ ಬೆಂಗಳೂರಿನಲ್ಲಿ ಬಿತ್ತಿದ್ದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಬೆಂಗಳೂರಿನ ಹವೆ ಜಪಾನೀ ಪದ್ಧತಿಯ ಸಾಕಣೆಗೆ ಒಗ್ಗುವುದೆಂದು ಎಣಿಸಿದ ಟಾಟಾ, 1890ರ ದಶಕದ ಕೊನೆಯ ಹೊತ್ತಿಗೆ ಇಲ್ಲಿ ರೇಷ್ಮೆ ತೋಟವೊಂದನ್ನು ಆರಂಭಿಸಿ, ಅದನ್ನು ನಡೆಸಲು ಜಪಾನಿನಿಂದ ಓಡ್ಜು ದಂಪತಿಯನ್ನು ಕರೆಸಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮೈಸೂರು ಸರ್ಕಾರದ ಪರವಾಗಿ ನೆಲವನ್ನೂ ವರ್ಷಕ್ಕೆ 3,000 ರೂಪಾಯಿಗಳ ನೆರವನ್ನೂ ಕೊಡಿಸಿದರು. ಅಂದು ಇದು ಊರ ಹೊರಗಿನ ಭೂಮಿ. ಪ್ಲೇಗಿನ ಬಳಿಕ ಬಸವನಗುಡಿಯ ಬಡಾವಣೆ ಆಗತಾನೇ ಮೂಡುತ್ತಿತ್ತು, ಜಯನಗರ ಹುಟ್ಟಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು, ಮತ್ತು ಬಳಿಯಲ್ಲೇ ಹಾದುಹೋಗುವ ರಸ್ತೆ ನೇರವಾಗಿ ಕಾನಕಾನಹಳ್ಳಿಯ ಹಿಪ್ಪುನೇರಳೆ ಹೊಲಗಳಿಗೆ ಇಳಿಯುತ್ತಿತ್ತು.

ಈ ತೋಟವನ್ನು ಒಂದು ವಿದ್ಯಾಲಯವೆಂದೇ ಕರೆಯಬೇಕು. ಅಲ್ಲಿ ಹಿಪ್ಪುನೇರಳೆಯ ಬೇಸಾಯ, ಹುಳು ಸಾಕಣೆ, ರೋಗ ಬಂದ ಹುಳುವನ್ನು ಬೇರ್ಪಡಿಸುವುದು, ನೂಲು ಬಿಚ್ಚುವುದು, ಮಾರುಕಟ್ಟೆಗೆ ಕಚ್ಚಾ ರೇಷ್ಮೆಯನ್ನು ಹದಗೊಳಿಸುವುದು, ಇವಿಷ್ಟನ್ನೂ ಅಭ್ಯರ್ಥಿಗಳಿಗೆ ಮೂರು ತಿಂಗಳ ಅವಧಿಯಲ್ಲಿ ಶುಲ್ಕವಿಲ್ಲದೆ ಕಲಿಸುತ್ತಿದ್ದರು. ರೋಗವಿಲ್ಲದ ಬಿತ್ತನೆಯನ್ನು ಆಯ್ದುಕೊಳ್ಳಲು ಆ ಕಾಲದ ರೇಷ್ಮೆ ಲೋಕ ನಂಬಿದ್ದ ವಿಧಾನ ಲೂಯಿ ಪಾಶ್ಚರನದು, ಮತ್ತು ಅದು ಇಂದಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಬಳಕೆಯಲ್ಲಿದೆ: ಪ್ರತಿ ತಾಯಿ ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮುಚ್ಚಿಟ್ಟು ಮೊಟ್ಟೆಯಿಡಿಸಿ, ಬಳಿಕ ಆ ಚಿಟ್ಟೆಯನ್ನು ಕೆಲವು ಹನಿ ದ್ರಾವಣದಲ್ಲಿ ಅರೆದು, ಅದರ ರಸವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ನೋಡುವುದು. ಅಂಡಾಕಾರದ, ಹೊಳೆಯುವ ಪುಟ್ಟ ಕಾಳುಗಳು ಒಂದೆರಡು ಕಂಡರೂ ಸಾಕು, ಅದು ಗಂಟುರೋಗದ ಗುರುತು. ಆ ಚಿಟ್ಟೆಯಿಟ್ಟ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಹೀಗೆ ಉಳಿದುಬಂದದ್ದನ್ನೇ ರೋಗರಹಿತ ಮೊಟ್ಟೆ ಎನ್ನುತ್ತಾರೆ.

ಶೇಷಾದ್ರಿ ಅಯ್ಯರ್ ಮತ್ತು ಟಾಟಾ ಇವರಿಬ್ಬರ ನಂಟನ್ನು ರೇಷ್ಮೆಯೊಂದಕ್ಕೇ ಕಟ್ಟಿಹಾಕಲಾಗದು. ಅದೇ ವರ್ಷಗಳಲ್ಲಿ ಶೇಷಾದ್ರಿ ಅಯ್ಯರ್ ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಅಡಿಪಾಯ ಹಾಕುತ್ತಿದ್ದರು. 1902ರಲ್ಲಿ ಅದರ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಟಾಟಾ ಕಲ್ಪಿಸಿದ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು, 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ವಿದ್ಯುತ್ತು, ಉನ್ನತ ಶಿಕ್ಷಣ, ಹಳ್ಳಿಯ ಕಸುಬಿನ ಸುಧಾರಣೆ ಈ ಮೂರೂ ಒಂದೇ ಪೀಳಿಗೆಯ ಒಂದೇ ದೂರದೃಷ್ಟಿಯಿಂದ ಹುಟ್ಟಿದವು. ಮೊದಲೆರಡಕ್ಕೆ ಸ್ಮಾರಕಗಳಿವೆ; ಮೂರನೆಯದಕ್ಕೆ ಒಂದು ನಿಲ್ದಾಣದ ಹೆಸರು ಉಳಿದಿದೆ.

ಜಮ್‌ಶೆಡ್‌ಜಿ 1904ರಲ್ಲಿ ತೀರಿಕೊಂಡರು. 1910ರಲ್ಲಿ ತೋಟವು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ವಶಕ್ಕೆ ಹೋಯಿತು. ಅಷ್ಟರಲ್ಲಿ ಮೈಸೂರು ಸರ್ಕಾರವೇ ಈ ಕೆಲಸವನ್ನು ಕೈಗೆತ್ತಿಕೊಳ್ಳಲು ಸಿದ್ಧವಾಗಿತ್ತು. 1898ರಲ್ಲಿಯೇ ಜಪಾನನ್ನು ಕಂಡುಬಂದಿದ್ದ, ಆ ದೇಶದ ಶಿಕ್ಷಣಕ್ಕೂ ಕೈಗಾರಿಕೆಗೂ ಇರುವ ಬೆಸುಗೆಯನ್ನು ಜೀವನವಿಡೀ ಎತ್ತಿ ಹೇಳಿದ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನ ನೇಮಕ, ಚನ್ನಪಟ್ಟಣದ ಸರ್ಕಾರಿ ರೇಷ್ಮೆ ತೋಟ, ರೇಷ್ಮೆ ಇಲಾಖೆಯ ಮೊದಲ ಹೆಜ್ಜೆಗಳು ಅವರ ಆಡಳಿತದ ಅವಧಿಗೆ ಸೇರಿದವು. 1920ರ ದಶಕದಲ್ಲಿ ಜಪಾನಿನ ಸಿ. ನಿಚಿ ಎಂಬ ತಳಿಯ ಗಂಡನ್ನು ಮೈಸೂರು ತಳಿಯ ಹೆಣ್ಣಿನೊಡನೆ ಕೂಡಿಸಿ ಮಿಶ್ರತಳಿಯನ್ನು ಪಡೆಯುವ ಕ್ರಮ ರೈತರನ್ನು ತಲುಪಿತು. ಹೆಣ್ಣಿನಿಂದ ನಮ್ಮ ಹವೆಯನ್ನು ತಾಳುವ ಗುಣ, ಗಂಡಿನಿಂದ ಹೆಚ್ಚು ನೂಲು. ಈ ಜೋಡಣೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಕರ್ನಾಟಕದ ರೇಷ್ಮೆ ಬೆಳೆ ಮುಂದೆ ಬಹುಕಾಲ ಮಿಶ್ರತಳಿಯ ಮೇಲೆಯೇ ನಡೆಯಿತು. ಆ ಕಾಲದಲ್ಲಿ ಇಲಾಖೆಯ ಮುಖ್ಯಸ್ಥರಾಗಿದ್ದ ನವರತ್ನ ರಾಮರಾಯರನ್ನು ಕನ್ನಡ ಓದುಗರು ‘ಕೆಲವು ನೆನಪುಗಳು’ ಕೃತಿಯ ಲೇಖಕರಾಗಿ ಬಲ್ಲರು. ಮೈಸೂರಿನ ರೇಷ್ಮೆ ಬೆಳೆಗಾರರು ಅವರಿಗೆ ಅದಕ್ಕಿಂತ ದೊಡ್ಡ ಋಣವನ್ನು ಸಲ್ಲಿಸಬೇಕು.

ಕಲಿಸಿದ ದೇಶವೇ ಪೈಪೋಟಿಗೆ ನಿಂತದ್ದು 1930ರ ದಶಕದಲ್ಲಿ. ಜಾಗತಿಕ ಆರ್ಥಿಕ ಕುಸಿತದ ವರ್ಷಗಳಲ್ಲಿ ಅಗ್ಗದ ಜಪಾನೀ ಮತ್ತು ಚೀನೀ ರೇಷ್ಮೆ ಭಾರತದ ಬಂದರುಗಳಿಗೆ ಸುರಿಯಿತು, ಗೂಡಿನ ಬೆಲೆ ಕುಸಿಯಿತು, ಎಷ್ಟೋ ರೈತರು ಹಿಪ್ಪುನೇರಳೆಯನ್ನು ಕಿತ್ತುಹಾಕಿದರು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, ಮರುವರ್ಷ ರಕ್ಷಣಾ ಸುಂಕ ಜಾರಿಗೆ ಬಂದಿತು. ರಕ್ಷಣಾ ಸುಂಕವೆಂದರೆ ದೇಶದೊಳಗಿನ ಕಸುಬನ್ನು ಕಾಯಲು ಹೊರಗಿನ ಸರಕಿನ ಮೇಲೆ ಹೇರುವ ಹೆಚ್ಚಿನ ತೆರಿಗೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಪೂರ್ತಿ ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಮೈಸೂರಿನ ನೂಲಿಗೆ ಬೇಡಿಕೆ ಏರಿತು. ಯುದ್ಧ ಮುಗಿದೊಡನೆ ಇಳಿಯಿತು. ಈ ಏರಿಳಿತವನ್ನು ತಡೆಯಲು ಒಂದು ರಾಷ್ಟ್ರೀಯ ಸಂಸ್ಥೆ ಬೇಕೆಂಬ ಅರಿವಿನಿಂದ 1948ರ ಕಾಯಿದೆಯ ಅಡಿಯಲ್ಲಿ, 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿತು. ಮೊದಲು ಮುಂಬಯಿಯಲ್ಲಿದ್ದ ಅದರ ಪ್ರಧಾನ ಕಚೇರಿ ಮುಂದೆ ಬೆಂಗಳೂರಿಗೆ ಬಂದು, ಈಗ ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿ ನೆಲೆಸಿದೆ. ಕಾಯಿದೆ ಬಂದ 1948ರಲ್ಲಿಯೇ, ಆಗಸ್ಟ್ 20ರಂದು, ರಾಜಾಜಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಸಿಲ್ಕ್ ಫಾರಮ್ಮಿನ ಸುತ್ತಲ ಹೊಲಗಳು ನಿವೇಶನಗಳಾದವು.

ಜಪಾನಿನೊಡನೆ ಮುರಿದಿದ್ದ ಗುರುಶಿಷ್ಯ ನಂಟು ಮತ್ತೆ ಕೂಡಿದ್ದು 1991ರಲ್ಲಿ. ಅಷ್ಟರಲ್ಲಿ ಜಪಾನಿನ ಹಳ್ಳಿಗಳಲ್ಲಿಯೇ ರೇಷ್ಮೆ ಸಾಕುವವರು ಕಡಿಮೆಯಾಗಿದ್ದರು, ಆದರೆ ವಿದ್ಯೆ ಉಳಿದಿತ್ತು. ಜಪಾನ್ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ ಬೆಂಗಳೂರಿಗರು ಮೆಟ್ರೋದ ಮೊದಲ ಹಂತಕ್ಕೆ ಸಾಲ ಕೊಟ್ಟ ಸಂಸ್ಥೆಯೆಂದು ಬಲ್ಲ ಜೈಕಾ, ಕೇಂದ್ರ ರೇಷ್ಮೆ ಮಂಡಳಿಯೊಡನೆ ಸೇರಿ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ದ್ವಿತಳಿ ರೇಷ್ಮೆಯ ಯೋಜನೆ ನಡೆಸಿತು. ಕೆಲಸದ ಕೇಂದ್ರ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಜಪಾನೀ ತಜ್ಞರು ಇಲ್ಲಿಗೆ ಬಂದು ದುಡಿದರು, ಇಲ್ಲಿಯ ವಿಜ್ಞಾನಿಗಳು ಜಪಾನಿಗೆ ಹೋಗಿ ಕಲಿತು ಬಂದರು. ಚಳಿಗಾಲವಿಲ್ಲದ ನಾಡಿನಲ್ಲಿ ಮೊಟ್ಟೆಗೆ ಶೀತಲ ಕೋಣೆಯಲ್ಲಿ ಕೃತಕ ಚಳಿಗಾಲ ಒದಗಿಸುವುದು, ಆಮ್ಲದಲ್ಲಿ ಅದ್ದಿ ಮೊಟ್ಟೆಯ ನಿದ್ರೆಯನ್ನು ತಡೆಯುವುದು, ಮೊದಲೆರಡು ಜ್ವರ ಕಳೆಯುವವರೆಗೆ ಮರಿಹುಳುಗಳನ್ನು ಚಾಕಿ ಕೇಂದ್ರದಲ್ಲಿ ಒಟ್ಟಿಗೆ ಸಾಕಿ ರೈತರಿಗೆ ಹಂಚುವುದು, ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕೊಡುವುದು, ಹಣ್ಣಾದ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಜಾಗದಲ್ಲಿ ತಿರುಗುವ ಚಂದ್ರಿಕೆ ಬಳಸುವುದು, ಎಲ್ಲಕ್ಕಿಂತ ಮಿಗಿಲಾಗಿ ಸಾಕಣೆ ಮನೆಯ ಸೋಂಕು ನಿವಾರಣೆ, ಇವೆಲ್ಲ ಆ ವರ್ಷಗಳಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವಾಗಿ ರೂಪುಗೊಂಡವು. ಜ್ವರವೆಂದರೆ ಇಲ್ಲಿ ರೋಗವಲ್ಲ. ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಮಲಗುವ ಸ್ಥಿತಿಗೆ ರೈತರಿಟ್ಟ ಹೆಸರು. 1990ರ ದಶಕದ ಕೊನೆಯಲ್ಲಿ ಮೈಸೂರಿನಿಂದ ಹೊರಬಂದ ಸಿಎಸ್ಆರ್ 2 ಮತ್ತು ಸಿಎಸ್ಆರ್ 4 ತಳಿಗಳ ಸಂಕರದಿಂದ ದ್ವಿತಳಿ ಗೂಡು ನಮ್ಮ ಬಯಲುಸೀಮೆಯಲ್ಲಿಯೂ ಕೈಹಿಡಿಯಬಹುದೆಂಬ ನಂಬಿಕೆ ಬಂತು. ಹತ್ತು ಕಿಲೋಗೂ ಮಿಕ್ಕಿ ಮೈಸೂರು ತಳಿಯ ಗೂಡಿನಿಂದ ಬರುವಷ್ಟು ನೂಲು ಈ ಗೂಡು ಸುಮಾರು ಆರು ಕಿಲೋ ಇದ್ದರೆ ಬರುತ್ತದೆ.

ಈ ಲೆಕ್ಕಕ್ಕೆ ರಾಮನಗರದ ನೂಲು ಬಿಚ್ಚುವವರು ಬಳಸುವ ಮಾತು ರೆಂಡಿಟ್ಟಾ. ಇಳುವರಿ ಎಂಬರ್ಥದ ಇಟಾಲಿಯನ್ ಪದದಿಂದ ಬಂದದ್ದು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಕೆಡಿಸುವ ನೊಣವನ್ನು ರೈತರು ಊಜಿ ಎನ್ನುತ್ತಾರೆ. ಅದು ಹುಳ ಎಂಬರ್ಥದ ಜಪಾನೀ ಮಾತು, 1980ರಲ್ಲಿ ಆ ನೊಣ ಕರ್ನಾಟಕವನ್ನು ಹೊಕ್ಕಾಗ ಹೆಸರೂ ಹೊಕ್ಕಿತು. ದರೋಗ, ಕೋಠಿಗಳಂಥ ಪಾರಸಿ, ಹಿಂದುಸ್ತಾನಿ ಪದಗಳು ಮೊದಲೇ ಇದ್ದವು. ಕಲಿಸಿದವರೆಲ್ಲ ಒಂದೊಂದು ಪದವನ್ನು ಬಿಟ್ಟುಹೋಗಿದ್ದಾರೆ, ಹಳ್ಳಿಗಳು ಅವನ್ನು ಜೋಪಾನವಾಗಿ ಇಟ್ಟುಕೊಂಡಿವೆ. ವಿದ್ಯೆಯ ಕೆಲಸವೂ ಮುಂದುವರಿದಿದೆ: ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ರೇಷ್ಮೆ ವಿಜ್ಞಾನದ ವಿಭಾಗಗಳಿವೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ತಲಘಟ್ಟಪುರದ ರಾಜ್ಯ ಸಂಸ್ಥೆ ಸಂಶೋಧನೆ ನಡೆಸುತ್ತದೆ. ಅದರ ಹೆಸರು ಹೊತ್ತ ಮೆಟ್ರೋ ನಿಲ್ದಾಣ 2021ರ ಜನವರಿಯಲ್ಲಿ ತೆರೆಯಿತು, ರೇಷ್ಮೆ ಮಂಡಳಿಯ ನಿಲ್ದಾಣ 2025ರ ಆಗಸ್ಟಿನಲ್ಲಿ.

ಮೆಟ್ರೋದ ಹಸಿರು ಮಾರ್ಗದಲ್ಲಿ ದಿನವೂ ಓಡಾಡುವ ಜಯನಗರ, ಬನಶಂಕರಿಗಳ ಜನರಿಗೆ ಇಷ್ಟು ತಿಳಿದಿರಬೇಕು. ಟಾಟಾ ಸಿಲ್ಕ್ ಫಾರಂ ಬಸ್ ನಿಲ್ದಾಣದಲ್ಲಿ ಓಡ್ಜು ದಂಪತಿಯ ಹೆಸರನ್ನು ಕನ್ನಡದಲ್ಲಿ ಕೆತ್ತಿದ ಒಂದು ಕಲ್ಲನ್ನು ನಿಲ್ಲಿಸಿ, ಅದರ ಪಕ್ಕದಲ್ಲಿ ಒಂದು ಹಿಪ್ಪುನೇರಳೆ ಗಿಡ ನೆಡಲು ನಗರಪಾಲಿಕೆಯೂ ಸುತ್ತಲಿನ ನಿವಾಸಿಗಳೂ ಮನಸ್ಸು ಮಾಡಬೇಕು.